ಹೊಲಿಗೆ, ಸೀರೆ ಅಂಗಡಿಯವರೇ, ಎಲ್‌ಇಡಿ ಹಾಕಿಸುವ ಮುಂಚೆ ಸಿಆರ್‌ಐ ಎಷ್ಟು ಅಂತ ಕೇಳಿ

ದಾವಣಗೆರೆಯಲ್ಲಿ ನಮ್ಮಕ್ಕ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಾಳೆ. ಮದುವೆ ಸೀಸನ್ನಿಗೆ ಮುಂಚೆ ಹಳೇ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಪ್ಯಾನೆಲ್ ಹಾಕಿಸಿದಳು. ಲೈಟಿನ ಅಂಗಡಿಯವನು ಕೇಳಿದ್ದು ಒಂದೇ, "ಎಷ್ಟು ವ್ಯಾಟಿಂದು ಕೊಡ್ಲಿ ಅಕ್ಕ?" ಅದರ ಕೆಳಗೆ ಏನು ಕೆಲಸ ಮಾಡ್ತೀರಿ ಅಂತ ಕೇಳಲೇ ಇಲ್ಲ.

ಬೆಳಕೇನೋ ಝಗಮಗ. ಆದರೆ ಕುಂಕುಮ ಬಣ್ಣ, ಮರೂನು, ಕಾಫಿ ಬಣ್ಣ ಎಲ್ಲ ಹೆಚ್ಚುಕಮ್ಮಿ ಒಂದೇ ಥರ ಕಾಣೋಕೆ ಶುರುವಾಯಿತು. ಚೌಕಿಪೇಟೆಯಿಂದ ತಂದ ಮ್ಯಾಚಿಂಗ್ ಬಟ್ಟೆಯಲ್ಲಿ ಒಬ್ಬರ ಮದುವೆ ಬ್ಲೌಸಿಗೆ ಪೈಪಿಂಗ್ ಕೊಟ್ಟಳು. ಒಳಗೆ ಸರಿಯಾಗೇ ಹೊಂದಿತ್ತು. ಹೊರಗೆ ಬಿಸಿಲಿಗೆ ಹಿಡಿದರೆ ಸೀರೆ ಮರೂನು, ಪೈಪಿಂಗ್ ಕಾಫಿ ಬಣ್ಣ! ಪೂರ್ತಿ ಬಿಚ್ಚಿ ಮತ್ತೆ ಹೊಲಿದಳು. ಬೈಸಿಕೊಂಡಿದ್ದು ಬೇರೆ.

ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದಕ್ಕೆ ಸಿಆರ್‌ಐ ಅಂತ ಒಂದು ಅಳತೆ ಇದೆ. ಗರಿಷ್ಠ 100. ಮನೆಯ ಹಾಲಿಗೆ, ವರಾಂಡಕ್ಕೆ 80 ಸಾಕು. ಬಟ್ಟೆ ಕೆಲಸಕ್ಕೆ 90 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಇನ್ನೊಂದು ಸೂಕ್ಷ್ಮ: ಆ ಅಂಕಿ 8 ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರೋದೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ. ನಮ್ಮ ಮದುವೆ ಸೀರೆಗಳಲ್ಲಿ ಇರೋದೇ ಕೆಂಪು, ಅದಕ್ಕೇ ಆರ್9 ಕೂಡ ಕೇಳಿ.

"6500 ಕೆಲ್ವಿನ್, ಕೂಲ್ ಡೇಲೈಟ್, ಬಿಸಿಲಿನ ಥರಾನೇ ಇರುತ್ತೆ" ಅಂತ ಹೇಳಿದರೆ ನಂಬಬೇಡಿ. ಕೆಲ್ವಿನ್ ಹೇಳೋದು ಬೆಳಕು ಬಿಳಿಯೋ ಹಳದಿಯೋ ಅಂತ ಮಾತ್ರ. ಬೆಳಕು ಎಷ್ಟು ಅಂತ ವ್ಯಾಟ್ ನೋಡಿದರೂ ಗೊತ್ತಾಗಲ್ಲ, ಡಬ್ಬದ ಮೇಲೆ ಲ್ಯೂಮೆನ್ ನೋಡಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ಅಂತಲೂ ನೋಡಿ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರೀಕ್ಷಿಸಬಹುದು.

ಅಕ್ಕ ಆ ಪ್ಯಾನೆಲ್ ವಾಪಸ್ ಕೊಡೋಕೆ ಹೋದಾಗ ಲೈಟಿನ ಅಂಗಡಿಯವನು "ಉರೀತಿದೆಯಲ್ಲ, ಏನಾಗಿದೆ?" ಅಂದುಬಿಟ್ಟ. ಅವನು ಕೊಟ್ಟಿದ್ದು ಬರೀ ಚೀಟಿ, ಅದರಲ್ಲಿ ಕಂಪನಿ ಹೆಸರೂ ಇಲ್ಲ. ಆಮೇಲೆ ಒಂದು ಪ್ಯಾನೆಲ್ಲಿನ ಡ್ರೈವರ್ (ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಭಾಗ) ಕೆಟ್ಟುಹೋದಾಗ ವಾರಂಟಿಯೂ ಸಿಗಲಿಲ್ಲ.

ಈಗ ಕತ್ತರಿಸುವ ಮೇಜಿನ ಮೇಲೆ ಮಾತ್ರ ಸಿಆರ್‌ಐ 90ರ, 4000 ಕೆಲ್ವಿನ್ ಬತ್ತಿ ಹಾಕಿದ್ದೇವೆ. ರೇಟು ಜಾಸ್ತಿ, ನಿಜ. ಕೊಳ್ಳುವ ಮುಂಚೆ ಅಕ್ಕ ಕೆಂಪು, ಮರೂನು ದಾರದ ಉಂಡೆಗಳನ್ನು ಅಂಗಡಿಗೇ ಒಯ್ದು, ಬತ್ತಿ ಹಚ್ಚಿಸಿ ನೋಡಿದಳು. ಹಚ್ಚಿ ತೋರಿಸಲ್ಲ ಅಂದವರ ಹತ್ತಿರ ತಗೊಳ್ಳಲಿಲ್ಲ.