12 ರಾಶಿನಾ, 13 ರಾಶಿನಾ?

ಸೂರ್ಯನ ದಾರೀಲಿ ಬರೋ ಉರಗಧರ (ಒಫಿಯೂಕಸ್) ಅನ್ನೋ ನಕ್ಷತ್ರಪುಂಜನ್ನ 13ನೇ ರಾಶಿ ಅಂತ ಒಪ್ಕೊಬೇಕಾ ಬೇಡ್ವಾ ಅಂತ ಕನ್ಫ್ಯೂಸ್ ಆಗಿರೋರು ಮೊದ್ಲು ಇಷ್ಟು ತಿಳ್ಕೊಳಿ, ರಾಶಿ ಬೇರೆ ನಕ್ಷತ್ರಪುಂಜ ಬೇರೆ. 12ರ ಲೆಕ್ಕದಲ್ಲಿ ಸೂರ್ಯನ ದಾರಿಯ 360 ಡಿಗ್ರಿನ ಸಮವಾಗಿ ಹಂಚಿ ತಲಾ 30 ಕೊಟ್ಟಿರ್ತಾರೆ, ಸಾಯನ (ವಿಷುವದಿಂದ ಎಣಿಸೋದು) ಆಗ್ಲಿ ನಿರಯಣ (ನಕ್ಷತ್ರಗಳನ್ನ ನೋಡಿ ಎಣಿಸೋದು) ಆಗ್ಲಿ ಭಾಗ ಅಷ್ಟೇ, ಶುರು ಆಗೋ ಜಾಗ ಮಾತ್ರ ಸುಮಾರು 24 ಡಿಗ್ರಿ ಆಚೀಚೆ.

13ರದ್ದು ಆಕಾಶದಲ್ಲಿ ನಿಜವಾಗ್ಲೂ ಇರೋ ಲೆಕ್ಕ, ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 1930ರಲ್ಲಿ ಪ್ರಕಟಿಸಿದ ನಕ್ಷತ್ರಪುಂಜಗಳ ಗಡಿ ಪ್ರಕಾರ ಸೂರ್ಯ ಕನ್ಯಾದಲ್ಲಿ ಹತ್ತತ್ರ 45 ದಿನ, ಉರಗಧರದಲ್ಲಿ ಸುಮಾರು 18 ದಿನ, ವೃಶ್ಚಿಕದಲ್ಲಿ ಬರೀ ಒಂದು ವಾರ ಇರ್ತಾನೆ (ಪಾಪ ವೃಶ್ಚಿಕದೋರು!).

ಜಾತಕ ನೋಡೋರಿಗೆ 12 ಸಾಕು, ಹೊಸ ರಾಶಿಗೆ ಅಧಿಪತಿ ಗ್ರಹ ಯಾವ್ದು ಅಂತ ಹಳೇ ಪದ್ಧತಿಲಿ ಏನೂ ಇಲ್ಲ. ಟೆಲಿಸ್ಕೋಪ್ ಹಿಡಿಯೋರು 13 ಇಟ್ಕೊಳಿ. ನಾಸಾ ರಾಶಿ ಬದಲಾಯಿಸ್ತು ಅನ್ನೋ ಫಾರ್ವರ್ಡ್ ಮಾತ್ರ ಸುಳ್ಳು.