ರಾತ್ರಿ ಒಂದಕ್ಕೆ ನಿಂತುಬಿಡುವ ಸಿನ್ಸಿನಾಟಿ ಟ್ರಾಮ್

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಡೌನ್‌ಟೌನ್ ನೋಡಬೇಕು ಅಂದರೆ ಕಾರನ್ನು ಎಲ್ಲಾದರೂ ನಿಲ್ಲಿಸಿ ಕನೆಕ್ಟರ್ ಹತ್ತಿ. ಊರಿನ ಬೀದಿಗಳಲ್ಲೇ ಓಡುವ ಟ್ರಾಮ್ ಇದು, ಇಲ್ಲಿಯವರು ಸ್ಟ್ರೀಟ್‌ಕಾರ್ ಅನ್ನುತ್ತಾರೆ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಕಾರ್ಡ್ ಉಜ್ಜೋದಿಲ್ಲ. ಬಂದು ನಿಂತಾಗ ಹತ್ತೋದು, ಬೇಕಾದ ಕಡೆ ಇಳಿಯೋದು, ಅಷ್ಟೇ. ಹಗಲು ಮತ್ತು ಸಂಜೆಗೆ ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಆದರೆ ಈ ಊರಿಗೆ ತಲೆನೋವು ತರುವ ಹೊತ್ತು ಬಾರ್‌ಗಳು ಮುಚ್ಚುವ ರಾತ್ರಿ ಎರಡೂವರೆ. ಆ ಹೊತ್ತಿಗೆ ಟ್ರಾಮ್ ಓಡಾಟ ಮುಗಿಸಿ ಒಂದು ಗಂಟೆಗೂ ಮೇಲಾಗಿರುತ್ತದೆ. ನಾನು ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

2025ರ ಜುಲೈ ಕೊನೆಯಲ್ಲಿ ಡೌನ್‌ಟೌನ್‌ನ ಒಂದು ಹೊಡೆದಾಟದ ವಿಡಿಯೋ ದೇಶವೆಲ್ಲ ಹರಡಿತು. ಅಲ್ಲಿಂದ ಮೇಸನ್, ವೆಸ್ಟ್ ಚೆಸ್ಟರ್, ಬ್ಲೂ ಆ್ಯಶ್‌ನಂಥ ಹೊರವಲಯದ ಊರುಗಳಲ್ಲಿ ಇರುವ ನಮ್ಮವರ ಬಾಯಲ್ಲಿ ಒಂದೇ ಮಾತು: ಡೌನ್‌ಟೌನ್ ಕಡೆ ಹೋಗಬೇಡಿ, ಮಕ್ಕಳನ್ನಂತೂ ಕರೆದುಕೊಂಡು ಹೋಗಲೇಬೇಡಿ. ಈ ಮಾತು ಹೇಳುವವರಲ್ಲಿ ಜಾಸ್ತಿ ಜನ ಡೌನ್‌ಟೌನ್‌ಗೆ ಹೋಗಿದ್ದು ಬೇಸ್‌ಬಾಲ್ ಮ್ಯಾಚ್‌ಗೋ, ಬ್ಲಿಂಕ್ ದೀಪೋತ್ಸವಕ್ಕೋ ಮಾತ್ರ. ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಜಾಗ, ಯಾವ ಹೊತ್ತು ಅಂತ ಬಿಡಿಸಿ ನೋಡದೆ ಇಡೀ ಊರಿಗೇ ಬೀಗ ಹಾಕಿಬಿಟ್ಟರೆ ಹೇಗೆ?

ಟ್ರಾಮ್‌ನ ಮಾರ್ಗ ದೊಡ್ಡದೇನಲ್ಲ. 3.6 ಮೈಲಿಯ ಒಂದು ಸುತ್ತು, 18 ಸ್ಟಾಪ್. ಓಹಾಯೋ ನದಿ ದಡದಲ್ಲಿ ಸ್ಟೇಡಿಯಂ, ಬಾರುಗಳಿರುವ ದಿ ಬ್ಯಾಂಕ್ಸ್ ಅನ್ನುವ ಜಾಗದಿಂದ ಹೊರಟು, ಮೇನ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ ಹೋಗಿ, 12ನೇ ಬೀದಿಯಲ್ಲಿ ಎಡಕ್ಕೆ ತಿರುಗಿ, ಎಲ್ಮ್ ಸ್ಟ್ರೀಟ್‌ನಲ್ಲಿ ವಾಷಿಂಗ್ಟನ್ ಪಾರ್ಕ್, ಮ್ಯೂಸಿಕ್ ಹಾಲ್ ಎಲ್ಲ ದಾಟಿ ಫಿಂಡ್ಲೇ ಮಾರ್ಕೆಟ್ ಮುಟ್ಟುತ್ತದೆ. ಅಲ್ಲಿಂದ ಸ್ವಲ್ಪ ಮೇಲೆ ಹೋಗಿ ತಿರುಗಿಕೊಂಡು ರೇಸ್ ಸ್ಟ್ರೀಟ್, ವಾಲ್ನಟ್ ಸ್ಟ್ರೀಟ್ ಮೇಲೆ ಫೌಂಟನ್ ಸ್ಕ್ವೇರ್ ಪಕ್ಕದಲ್ಲೇ ಮತ್ತೆ ನದಿ ಕಡೆಗೆ ಇಳಿಯುತ್ತದೆ.

ಅಪ್ಪ ಅಮ್ಮ ಊರಿಂದ ಬಂದಾಗ ನಾನು ಅವರನ್ನು ಮೊದಲು ಕರೆದುಕೊಂಡು ಹೋಗುವುದೇ ಇದರಲ್ಲಿ. ಅಮ್ಮನಿಗೆ ಮಂಡಿ ನೋವು. ಟ್ರಾಮ್‌ನ ನೆಲ ಮತ್ತು ಸ್ಟಾಪಿನ ಕಟ್ಟೆ ಎರಡೂ ಒಂದೇ ಎತ್ತರ, ನಡುವೆ ಎರಡು ಬೆರಳಿನಷ್ಟು ಸಂದು, ಮೆಟ್ಟಿಲೇ ಇಲ್ಲ. ವೀಲ್‌ಚೇರ್‌ನವರು, ಮಗುವಿನ ಗಾಡಿ ತಳ್ಳಿಕೊಂಡು ಬರುವವರು ಯಾರ ಕೈಯನ್ನೂ ಹಿಡಿಯದೆ ಸಲೀಸಾಗಿ ಒಳಗೆ ಬರುತ್ತಾರೆ. ಅಮ್ಮ ಕೂತವರೇ ಪರ್ಸ್ ತೆಗೆದು ಕಂಡಕ್ಟರ್ ಎಲ್ಲಿ ಅಂತ ನೋಡುತ್ತಿದ್ದರು. "ದುಡ್ಡು ಕೊಡೋ ಹಾಗಿಲ್ಲಮ್ಮ, ಇದು ಫ್ರೀ" ಅಂದೆ. "ಇಲ್ಲೂ ಶಕ್ತಿ ಯೋಜನೆ ಇದೆಯೇನೋ?" ಅಂದರು. "ಇಲ್ಲಿ ಗಂಡಸರಿಗೂ ಇದೆ" ಅಂದಾಗ ಅಪ್ಪನಿಗೆ ಖುಷಿಯೋ ಖುಷಿ.

ಫಿಂಡ್ಲೇ ಮಾರ್ಕೆಟ್‌ನಲ್ಲಿ ಇಳಿಯದೆ ಬರಬೇಡಿ. 1855ರಿಂದ ನಡೆಯುತ್ತಿರುವ ಸಂತೆ ಅದು, ಓಹಾಯೋ ರಾಜ್ಯದಲ್ಲಿ ಇಷ್ಟು ಕಾಲ ನಿಲ್ಲದೆ ನಡೆದ ಮಾರ್ಕೆಟ್ ಬೇರೆ ಇಲ್ಲ. ಶನಿವಾರ ಬೆಳಿಗ್ಗೆ ಸುತ್ತಮುತ್ತಲ ರೈತರು ತಂದ ಟೊಮೇಟೊ, ಜೋಳ, ಸೊಪ್ಪು ಎಲ್ಲ ಇರುತ್ತದೆ. ಬೇಸಿಗೆಯಾದರೆ ಮುಂದೆ ವಾಷಿಂಗ್ಟನ್ ಪಾರ್ಕ್‌ನಲ್ಲಿ ಮಕ್ಕಳನ್ನು ಕಾರಂಜಿಯಲ್ಲಿ ನೆನೆಯೋಕೆ ಬಿಡಿ. ಸಂಜೆಗೆ ದಿ ಬ್ಯಾಂಕ್ಸ್‌ನಲ್ಲಿ ಇಳಿದು ಸ್ಮೇಲ್ ಪಾರ್ಕ್‌ನ ಉಯ್ಯಾಲೆಗಳಲ್ಲಿ ಕೂತರೆ ಎದುರಿಗೇ ರೋಬ್ಲಿಂಗ್ ತೂಗುಸೇತುವೆ. 1867ರಿಂದ ನಿಂತಿದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆಯ ವಿನ್ಯಾಸ ಮಾಡುವುದಕ್ಕೆ ಮೊದಲು ಎಂಜಿನಿಯರ್ ಜಾನ್ ರೋಬ್ಲಿಂಗ್ ಕಟ್ಟಿದ್ದು ಇದನ್ನು. ನಡೆದೇ ದಾಟಬಹುದು, ಆಚೆ ದಡ ಕೆಂಟಕಿ ರಾಜ್ಯ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂದರೆ, ಇದಕ್ಕೆ ತನ್ನದೇ ದಾರಿ ಇಲ್ಲ. ಕಾರು, ಬಸ್ಸು, ಲಾರಿ ಓಡುವ ಲೇನ್‌ನಲ್ಲೇ ಹಳಿ ಹಾಕಿದ್ದಾರೆ. ಪಕ್ಕದಲ್ಲಿ ಪಾರ್ಕಿಂಗ್, ಅದಕ್ಕೊಂದು ಬಿಳಿ ಗೆರೆ. ಒಮ್ಮೆ ಒಂದು ಡೆಲಿವರಿ ವ್ಯಾನ್ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ನಿಂತಿತ್ತು, ಹಿಂದಿನ ಚಕ್ರ ಗೆರೆಯಿಂದ ಗೇಣುದ್ದ ಆಚೆಗೆ ಬಂದಿತ್ತು ಅಷ್ಟೇ. ಬಸ್ಸಾಗಿದ್ದರೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡು ಹೋಗಿಬಿಡುತ್ತಿತ್ತು. ಟ್ರಾಮ್ ಹಳಿ ಬಿಟ್ಟು ಎಲ್ಲಿಗೆ ಹೋಗಬೇಕು? ಡ್ರೈವರ್ ಗಂಟೆ ಬಾರಿಸುತ್ತಲೇ ಇದ್ದರು. ಒಳಗಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿ ಆ ಗೇಣುದ್ದ ಜಾಗವನ್ನೇ ನೋಡುತ್ತಿದ್ದರು. ಕೊನೆಗೆ ಹುಡುಗನೊಬ್ಬ ಖಾಲಿ ಟ್ರಾಲಿ ತಳ್ಳಿಕೊಂಡು ಓಡಿ ಬಂದ, ಕೈ ಎತ್ತಿ ಕ್ಷಮೆ ಕೇಳಿ ಗಾಡಿ ತೆಗೆದ. ಊರಿನ ಬೇಸ್‌ಬಾಲ್ ತಂಡ ರೆಡ್ಸ್ ಅಥವಾ ಅಮೆರಿಕನ್ ಫುಟ್‌ಬಾಲ್ ತಂಡ ಬೆಂಗಾಲ್ಸ್ ಮ್ಯಾಚ್ ಇದ್ದ ದಿನ ಅಂತೂ ನದಿ ಕಡೆಯ ಸ್ಟಾಪುಗಳಲ್ಲಿ ಗಡಿಯಾರ ನೋಡೋಕೆ ಹೋಗಬೇಡಿ.

ಈ ಟ್ರಾಮ್ ಸುಮ್ನೆ ಬಂದಿದ್ದಲ್ಲ. 2009ರಲ್ಲಿ ಒಂದು, 2011ರಲ್ಲಿ ಇನ್ನೊಂದು, ಎರಡು ಸಲ ಇದನ್ನು ನಿಲ್ಲಿಸಬೇಕು ಅಂತ ವೋಟಿಗೆ ಹಾಕಿದರು, ಎರಡು ಸಲವೂ ಊರಿನ ಜನ ಟ್ರಾಮ್ ಪರ ನಿಂತರು. 2011ರಲ್ಲಿ ಆಗಿನ ಗವರ್ನರ್ ಜಾನ್ ಕೇಸಿಕ್ ಕಾಲದಲ್ಲಿ ರಾಜ್ಯದಿಂದ ಬರಬೇಕಿದ್ದ ಸುಮಾರು 5 ಕೋಟಿ ಡಾಲರ್ ವಾಪಸ್ ಹೋಯಿತು. ಗುಡ್ಡದ ಮೇಲಿನ ಯೂನಿವರ್ಸಿಟಿ ತನಕ ಹೋಗಬೇಕಿದ್ದ ಹಳಿ ಕೆಳಗೇ ಉಳಿಯಿತು. ಅಷ್ಟು ಸಾವಿರ ವಿದ್ಯಾರ್ಥಿಗಳು, ಅಷ್ಟು ಆಸ್ಪತ್ರೆಗಳು ಇರುವುದು ಆ ಗುಡ್ಡದ ಮೇಲೇ ಅಲ್ವಾ? 2013ರಲ್ಲಿ ಟ್ರಾಮ್ ಬೇಡ ಅಂತಲೇ ಪ್ರಚಾರ ಮಾಡಿ ಗೆದ್ದ ಮೇಯರ್ ಜಾನ್ ಕ್ರ್ಯಾನ್‌ಲಿ ಬಂದರು, ಆಗಲೇ ಶುರುವಾಗಿದ್ದ ಹಳಿ ಹಾಕುವ ಕೆಲಸ ಡಿಸೆಂಬರ್‌ನಲ್ಲಿ ಕೆಲವು ವಾರ ನಿಂತೇ ಹೋಯಿತು, ಆಮೇಲೆ ಕೌನ್ಸಿಲ್ ಮತ್ತೆ ಶುರು ಮಾಡಿಸಿತು. 2016ರ ಸೆಪ್ಟೆಂಬರ್ 9ಕ್ಕೆ ಓಡಿತು. ಖರ್ಚು ಸುಮಾರು 14.8 ಕೋಟಿ ಡಾಲರ್. ಆಗ ಒಂದು ಡಾಲರ್ ಟಿಕೆಟ್ ಇತ್ತು, ಜನ ಅಷ್ಟಾಗಿ ಹತ್ತುತ್ತಿರಲಿಲ್ಲ. 2020ರಲ್ಲಿ ಟಿಕೆಟ್ ತೆಗೆದರು. 2023ರಲ್ಲಿ ವರ್ಷಕ್ಕೆ 10 ಲಕ್ಷ ಪ್ರಯಾಣ ದಾಟಿತು.

ಫ್ರೀ ಅಂದರೆ ದುಡ್ಡು ಆಕಾಶದಿಂದ ಬೀಳುವುದಿಲ್ಲವಲ್ಲ. ಪಾರ್ಕಿಂಗ್ ಮೀಟರ್‌ಗಳ ದುಡ್ಡು ಒಂದಿಷ್ಟು ಬರುತ್ತದೆ. ಇನ್ನೊಂದಿಷ್ಟು, ಹಳಿಯ ಆಸುಪಾಸಿನಲ್ಲಿ ಹೊಸ ಕಟ್ಟಡ ಕಟ್ಟಿ ನಗರದಿಂದ ತೆರಿಗೆ ರಿಯಾಯಿತಿ ಪಡೆದವರು ಆ ರಿಯಾಯಿತಿಯಲ್ಲಿ ಒಂದು ಪಾಲು ಬಿಟ್ಟುಕೊಡುವುದರಿಂದ ಬರುತ್ತದೆ. ಅಂದರೆ ಡೌನ್‌ಟೌನ್ ಬೆಳೆದಷ್ಟೂ ಟ್ರಾಮ್‌ಗೆ ಊಟ. ಇದು ನನಗೆ ತುಂಬಾ ಸರಿ ಅನ್ನಿಸುವ ಲೆಕ್ಕ.

ಬೆಳೆದಿದ್ದು ಹೇಗೆ ಅಂತಲೂ ಗೊತ್ತಿರಬೇಕು. ದಿ ಬ್ಯಾಂಕ್ಸ್ ಇರುವ ಜಾಗದಲ್ಲಿ ಹಿಂದೆ ಇದ್ದಿದ್ದು ಒಂದು ದೊಡ್ಡ ದುಂಡನೆಯ ಸ್ಟೇಡಿಯಂ, ಸುತ್ತ ಪಾರ್ಕಿಂಗ್ ಬಯಲು. 1996ರಲ್ಲಿ ಜನ ವೋಟು ಹಾಕಿ ಮಾರಾಟ ತೆರಿಗೆ ಜಾಸ್ತಿ ಮಾಡಿಕೊಂಡು ಎರಡು ಹೊಸ ಸ್ಟೇಡಿಯಂ ಕಟ್ಟಿಸಿದರು. ನಡುವಿನ ಜಾಗದಲ್ಲಿ ಹೋಟೆಲ್, ಬಾರ್, ಅಪಾರ್ಟ್‌ಮೆಂಟ್ ಬರೋಕೆ ಶುರುವಾಗಿದ್ದು 2011ರಲ್ಲಿ. ಎಲ್ಲವೂ ಪಾರ್ಕಿಂಗ್ ಗ್ಯಾರೇಜುಗಳ ತಲೆ ಮೇಲೆ ನಿಂತಿವೆ, ನೆರೆ ಬಂದರೆ ಮೊದಲು ಗ್ಯಾರೇಜಿಗೆ ನೀರು ನುಗ್ಗಲಿ ಅಂತ. 1937ರಲ್ಲಿ ಈ ನದಿಯ ಮಟ್ಟ 80 ಅಡಿ ಮುಟ್ಟಿತ್ತು.

ಮೇಲಿನ ಕಡೆ ಓವರ್ ದಿ ರೈನ್ ಅನ್ನುವ ಹಳೇ ಜರ್ಮನ್ ಬಡಾವಣೆ. ಇಟ್ಟಿಗೆಯ ಕಿರಿದಾದ ಎತ್ತರದ ಮನೆಗಳು, ಎಷ್ಟೋ ವರ್ಷ ಪಾಳು ಬಿದ್ದಿದ್ದವು, ಉಳಿದಿದ್ದವರು ಬಹುಪಾಲು ಬಡ ಕಪ್ಪು ಜನರು. 2001ರ ಏಪ್ರಿಲ್‌ನಲ್ಲಿ ಕೈಯಲ್ಲಿ ಆಯುಧವಿಲ್ಲದ 19 ವರ್ಷದ ಕಪ್ಪು ಹುಡುಗನನ್ನು ಪೊಲೀಸರು ಇಲ್ಲೇ ಒಂದು ಓಣಿಯಲ್ಲಿ ಗುಂಡಿಟ್ಟು ಕೊಂದರು, ಊರು ದಿನಗಟ್ಟಲೆ ಹೊತ್ತಿ ಉರಿಯಿತು. ಎರಡು ವರ್ಷದ ಮೇಲೆ ನಗರ ಮತ್ತು ದೊಡ್ಡ ಕಂಪನಿಗಳು ಸೇರಿ 3ಸಿಡಿಸಿ ಅನ್ನುವ ಸಂಸ್ಥೆ ಮಾಡಿದವು. ಅವರು ನೂರಾರು ಹಳೇ ಕಟ್ಟಡ ಕೊಂಡರು, ರಿಪೇರಿ ಮಾಡಿದರು, ಬಾರು, ಹೋಟೆಲು ತಂದರು. 2012ರಲ್ಲಿ ವಾಷಿಂಗ್ಟನ್ ಪಾರ್ಕ್ ಹೊಸದಾಯಿತು. ನನಗೆ ಆ ಪಾರ್ಕ್ ಇಷ್ಟ. ಆದರೆ ಅಲ್ಲಿ ಮೊದಲು ಓಣಿಯ ಹುಡುಗರು ಆಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ಅಂಕಣ ಇತ್ತು, ಈಜುಕೊಳ ಇತ್ತು, ಎರಡನ್ನೂ ತೆಗೆದರು. ಬಾಡಿಗೆ ಏರಿತು, ಹಳಬರಲ್ಲಿ ಎಷ್ಟೋ ಜನ ಬಿಟ್ಟು ಹೋದರು. ಇದು ಟ್ರಾಮ್ ಕಿಟಕಿಯಿಂದ ಕಾಣಿಸುವುದಿಲ್ಲ, ಹೊಸದಾಗಿ ಬಣ್ಣ ಬಳಿದ ಗೋಡೆಗಳಷ್ಟೇ ಕಾಣಿಸುತ್ತವೆ.

ಈಗ ರಾತ್ರಿಯ ವಿಷಯಕ್ಕೆ ಬರೋಣ. ಶುಕ್ರವಾರ, ಶನಿವಾರ ಟ್ರಾಮ್ ಓಡುವುದು ರಾತ್ರಿ ಒಂದರ ತನಕ. ವಾರದ ಬೇರೆ ದಿನ ಅದಕ್ಕಿಂತ ಮೊದಲೇ ಮುಗಿಯುತ್ತದೆ. ಓಹಾಯೋದಲ್ಲಿ ಬಾರ್‌ಗಳು ಎರಡೂವರೆ ತನಕ ಮದ್ಯ ಮಾರಬಹುದು. ಎರಡೂವರೆಗೆ ದೀಪ ಹಾಕಿ ಎಲ್ಲರನ್ನೂ ಒಂದೇ ಸಲ ಹೊರಗೆ ಕಳಿಸುತ್ತಾರೆ, ಸೆಕೆಂಡ್ ಶೋ ಬಿಟ್ಟಾಗ ಟಾಕೀಸ್ ಮುಂದೆ ಜನ ಸುರಿಯುವ ಹಾಗೆ, ಆದರೆ ಇಲ್ಲಿ ಸುರಿಯುವವರು ಕುಡಿದಿರುತ್ತಾರೆ, ಕೆಲವರ ಸೊಂಟದಲ್ಲಿ ಗನ್ ಇರುತ್ತದೆ, ಊಬರ್ ದರ ಆ ಹೊತ್ತಿಗೆ ಮೇಲೇರಿರುತ್ತದೆ, ಮನೆಗೆ ಹೋಗುವ ದಾರಿ ಸಿಗದೆ ಫುಟ್‌ಪಾತ್‌ನಲ್ಲೇ ನಿಂತಿರುತ್ತಾರೆ. 2022ರ ಆಗಸ್ಟ್‌ನಲ್ಲಿ ಓವರ್ ದಿ ರೈನ್‌ನ ಮೇನ್ ಸ್ಟ್ರೀಟ್‌ನಲ್ಲಿ ಬಾರ್ ಮುಂದೆ ಗುಂಡು ಹಾರಿ 9 ಜನಕ್ಕೆ ಗಾಯವಾಯಿತು. ಆಗ ಹೊತ್ತು ರಾತ್ರಿ ಒಂದೂವರೆ ದಾಟಿತ್ತು. 2025ರ ಜುಲೈ 26ರ ಹೊಡೆದಾಟ, ದೇಶವೆಲ್ಲ ನೋಡಿದ ಆ ವಿಡಿಯೋ, ಫೋರ್ತ್ ಮತ್ತು ಎಲ್ಮ್ ಮೂಲೆಯದು. ಬೆಳಗಿನ ಜಾವ ಮೂರರ ಹೊತ್ತು. ಟ್ರಾಮ್ ಹಳಿ ಇರುವ ವಾಲ್ನಟ್‌ನಿಂದ ಪಶ್ಚಿಮಕ್ಕೆ ಮೂರೇ ಬೀದಿ. ಕೂಗಳತೆಯಲ್ಲಿ ಕನ್ವೆನ್ಷನ್ ಸೆಂಟರ್‌ನ ಕೋಟಿಗಟ್ಟಲೆ ಡಾಲರ್ ನವೀಕರಣ ನಡೆಯುತ್ತಿತ್ತು.

ಆ ವಿಡಿಯೋಗೆ ಕಪ್ಪು ಬಿಳಿ ಜಗಳದ ಬಣ್ಣ ಬಂತು, ವಾಷಿಂಗ್ಟನ್‌ನಿಂದ ವೈಸ್ ಪ್ರೆಸಿಡೆಂಟ್ ಕೂಡ ಮಾತಾಡಿದರು. ಮೇಯರ್ ಆಫ್ತಾಬ್ ಪುರೇವಾಲ್ ಮೇಲೆ ಎಲ್ಲ ಕಡೆಯಿಂದ ಬಾಣ. ಅವರ ತಂದೆ ಪಂಜಾಬಿನವರು, ತಾಯಿ ಟಿಬೆಟ್‌ನವರು, ಅದನ್ನೂ ಎಳೆದು ತಂದು ಬೈದವರಿದ್ದರು. ಆಗಸ್ಟ್‌ನಲ್ಲಿ ಡೌನ್‌ಟೌನ್ ಮತ್ತು ಓವರ್ ದಿ ರೈನ್‌ನ ಕೆಳಭಾಗದಲ್ಲಿ ದೊಡ್ಡವರಿಲ್ಲದೆ ಬರುವ 18ರ ಒಳಗಿನವರಿಗೆ ರಾತ್ರಿ 9ರ ಕರ್ಫ್ಯೂ ಬಂತು. ಪೊಲೀಸರು ಜಾಸ್ತಿಯಾದರು. ಕರ್ಫ್ಯೂ ಹಾಕಿದ್ದು ಮಕ್ಕಳಿಗೆ, ಬೆಳಗಿನ ಜಾವ ಬಾರುಗಳಿಂದ ಹೊರಬಿದ್ದು ಹೊಡೆದಾಡುವವರು ದೊಡ್ಡವರು. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಜನರನ್ನು ಕರೆಸೋಕೆ ಸ್ಟೇಡಿಯಂ ಬೇಕು, ಬಾರ್ ಬೇಕು, ದಿ ಬ್ಯಾಂಕ್ಸ್‌ನಲ್ಲಿ ಕಪ್ ಹಿಡಿದು ಬೀದಿಯಲ್ಲೇ ಕುಡಿಯೋಕೆ ಅನುಮತಿಯೂ ಬೇಕು. ಬಂದವರನ್ನು ವಾಪಸ್ ಕಳಿಸುವ ಹೊತ್ತಿಗೆ ಮಾತ್ರ ಊರು ಕೈ ತೊಳೆದುಕೊಳ್ಳುತ್ತದೆ.

ಟ್ರಾಮ್ ಒಂದರಿಂದಲೇ ಹೊಡೆದಾಟ ನಿಲ್ಲುವುದಿಲ್ಲ, ಗೊತ್ತು. ಆದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ದೀಪ ಹಾಕಿಕೊಂಡು, ಜನರನ್ನು ತುಂಬಿಕೊಂಡು ಬೀದಿಯಲ್ಲಿ ಹಾದು ಹೋಗುವ ಗಾಡಿ ಇದ್ದರೆ ಆ ಬೀದಿಯೇ ಬೇರೆ. ಅಡುಗೆಮನೆ ತೊಳೆದು ಮೂರಕ್ಕೆ ಮನೆಗೆ ಹೊರಡುವ ಹೋಟೆಲ್ ಹುಡುಗರು, ಬಾರ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು, ದೂರದ ಗ್ಯಾರೇಜ್‌ನಲ್ಲಿ ಕಾರು ಬಿಟ್ಟವರು, ಇವರು ಕತ್ತಲಲ್ಲಿ ಮೈಲಿಗಟ್ಟಲೆ ನಡೆಯಬೇಕಾಗಿಲ್ಲ. ಬಸ್ಸಿನವರು ಇದನ್ನು ಮಾಡಿ ತೋರಿಸಿದ್ದಾರೆ. 2020ರ ತೆರಿಗೆ ವೋಟಿನ ನಂತರ ಮೆಟ್ರೋ ಅನ್ನುವ ಇಲ್ಲಿನ ಬಸ್ ಸಂಸ್ಥೆಯ ಕೆಲವು ಮಾರ್ಗಗಳು 24 ಗಂಟೆ ಓಡುತ್ತವೆ. ಟ್ರಾಮ್ ಆ ಬಸ್ಸುಗಳ ತನಕ ಜನರನ್ನು ತಲುಪಿಸಿದರೂ ಸಾಕು.

ಹೋಗುವವರಿಗೆ ಎರಡು ಮಾತು. ಮೊದಲ ಸಲ ಹೋಗುವುದಾದರೆ ಶನಿವಾರ ಬೆಳಿಗ್ಗೆ ಹೋಗಿ, ಒಂದು ಪೂರ್ತಿ ಸುತ್ತು ಕೂತು ನೋಡಿ, ಆಮೇಲೆ ಎಲ್ಲಿ ಇಳಿಯಬೇಕು ಅಂತ ತೀರ್ಮಾನ ಮಾಡಿ. ರಾತ್ರಿ ಊಟಕ್ಕೆ, ಸಂಗೀತಕ್ಕೆ ಧೈರ್ಯವಾಗಿ ಹೋಗಿ. ಹತ್ತು, ಹನ್ನೊಂದರ ಹೊತ್ತಿಗೆ ಟ್ರಾಮ್ ತುಂಬ ಜನ ಇರುತ್ತಾರೆ, ಮ್ಯೂಸಿಕ್ ಹಾಲ್‌ನಿಂದ ಬರುವ ವಯಸ್ಸಾದವರಿಂದ ಹಿಡಿದು ಕಾಲೇಜು ಹುಡುಗಿಯರ ತನಕ. ಎರಡು ಗಂಟೆ ಮೇಲೆ ಬಾರ್‌ಗಳಿರುವ ಬೀದಿಯಲ್ಲಿ ಸುಮ್ನೆ ನಿಲ್ಲಬೇಡಿ, ಕ್ಯಾಬ್ ಮೊದಲೇ ಕರೆಸಿಕೊಳ್ಳಿ.

ಇಲ್ಲೇ ಇರುವವರಿಗೆ ಇನ್ನೊಂದು ಮಾತು. ನಗರದ ಹಣಕಾಸು ವರ್ಷ ಜುಲೈ 1ಕ್ಕೆ ಶುರು, ಬಜೆಟ್ ಪಾಸಾಗುವುದು ಜೂನ್‌ನಲ್ಲಿ, ಅದಕ್ಕೆ ಮೊದಲು ಸಾರ್ವಜನಿಕರ ಮಾತು ಕೇಳುವ ಸಭೆಗಳು ಇರುತ್ತವೆ. ಯಾರು ಬೇಕಾದರೂ ಹೋಗಿ ಮಾತಾಡಬಹುದು. ಶುಕ್ರವಾರ, ಶನಿವಾರ ಎರಡೇ ರಾತ್ರಿಯಾದರೂ ಟ್ರಾಮನ್ನು ಮೂರು ಗಂಟೆ ತನಕ ಓಡಿಸಿ ಅಂತ ನಾನು ಕೌನ್ಸಿಲ್‌ಗೆ ಬರೆದಿದ್ದೇನೆ. ಮೇಸನ್‌ನವರಿಗೆ ಅಲ್ಲಿ ವೋಟಿಲ್ಲ, ನಿಜ, ಆದರೆ ಡೌನ್‌ಟೌನ್ ಆಫೀಸಿನಲ್ಲಿ ದುಡಿಯುವವರೆಲ್ಲ ಆ ನಗರಕ್ಕೆ ಸಂಬಳದಿಂದ ತೆರಿಗೆ ಕಟ್ಟುತ್ತಾರೆ. ನೀವೂ ಒಂದು ಮೇಲ್ ಹಾಕಿ.