ಲಟಕ್, ಎಣ್ಣೆ, ವ್ಯಾಯಾಮ: ಒಂದೇ ಸೊಂಟಕ್ಕೆ ಮೂರು ಚಿಕಿತ್ಸೆ

ಸೊಂಟ ಹಿಡ್ಕೊಂಡಿದೆ ಅಂತ ಉಡುಪಿಯಲ್ಲಿ ಯಾರ ಹತ್ತಿರ ಬೇಕಾದರೂ ಹೇಳಿ ನೋಡಿ, ಮಾತು ಮುಗಿಯುವ ಮೊದಲೇ ಒಂದು ವಿಳಾಸ ಸಿಗುತ್ತದೆ. ಹಿರಿಯರಾದರೆ ಎಣ್ಣೆ ಹಚ್ಚಿ ನೀವುವವರ ಮನೆ ಹೇಳುತ್ತಾರೆ. ಇನ್ನು ಕೆಲವರು ಆಯುರ್ವೇದ ಅನ್ನುತ್ತಾರೆ. ಹುಡುಗರಾದರೆ ಮೊಬೈಲ್ ತೆಗೆದು, ಬೆನ್ನು 'ಲಟಕ್' ಅನ್ನಿಸುವ ರೀಲ್ಸ್ ತೋರಿಸಿ, "ಮಂಗಳೂರಲ್ಲೂ ಉಂಟು, ಒಮ್ಮೆ ಹೋಗಿ ಬನ್ನಿ ಮಾರಾಯ್ರೆ" ಅನ್ನುತ್ತಾರೆ. ಫಿಸಿಯೋಥೆರಪಿ ಅಂತ ಮೊದಲಿಗೇ ಹೇಳಿದವರನ್ನು ನಾನು ಕಂಡಿಲ್ಲ. ಪಕ್ಕದ ಮಣಿಪಾಲದಲ್ಲಿ ಅದನ್ನೇ ಕಲಿಸುವ ಕಾಲೇಜು ಇದ್ದೂ ಹೀಗೆ.

ನಾನು ಕೈರೋಪ್ರಾಕ್ಟಿಕ್ (ಬೆನ್ನನ್ನು ಕೈಯಿಂದ ಒತ್ತಿ 'ಲಟಕ್' ಅನ್ನಿಸುವ ಆ ಚಿಕಿತ್ಸೆಯೇ), ಸೊಂಟದ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಆಯುರ್ವೇದದ ಕಟಿ ಬಸ್ತಿ, ಫಿಸಿಯೋಥೆರಪಿ ಮೂರನ್ನೂ ಮಾಡಿಸಿಕೊಂಡಿದ್ದೇನೆ. ಹೋಲಿಸುವಾಗ ನೋವು ಎಷ್ಟು ಇಳಿಯಿತು ಅನ್ನುವಷ್ಟೇ ಇನ್ನೊಂದು ವಿಷಯವೂ ನನಗೆ ಮುಖ್ಯವಾಗಿ ಕಂಡಿತು. ಬೆನ್ನು ಮುಟ್ಟುವ ಮೊದಲು ಯಾರು ಏನು ಕೇಳಿದರು?

ನನ್ನ ಕೆಲಸ ಡಿಟಿಪಿ ಅಂಗಡಿಯಲ್ಲಿ. ಮದುವೆ ಸೀಸನ್‌ನಲ್ಲಿ ಆಮಂತ್ರಣ ಪತ್ರಿಕೆ, ಎಲೆಕ್ಷನ್ ಬಂದರೆ ಕರಪತ್ರ, ಉಳಿದಂತೆ ನೇಮ, ಬ್ರಹ್ಮಕಲಶದ ನೋಟೀಸು. ಬೆಳಿಗ್ಗೆ ಕೂತರೆ ಊಟಕ್ಕೇ ಏಳುವುದು. ನಡುವೆ ಪೇಪರ್ ಬಂಡಲ್ ಬಂದರೆ ಎತ್ತಿ ಒಳಗಿಡುವುದು. ನೋವು ಸೊಂಟದ ಎಡಬದಿಯಲ್ಲಿ, ಕಾಲಿಗೆ ಇಳಿಯುತ್ತಿರಲಿಲ್ಲ. ಮೂಳೆ ಡಾಕ್ಟರು ಬಗ್ಗಿಸಿ, ಮಲಗಿಸಿ ಕಾಲು ಎತ್ತಿಸಿ, ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿ, "ನರಕ್ಕೆ ಏನೂ ಆಗಿಲ್ಲ, ಎಂಆರ್‌ಐ ಬೇಡ" ಅಂದರು. ಇದು ಹಣ ಉಳಿಸುವ ಮಾತು ಮಾತ್ರ ಅಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20 ವರ್ಷದವರಲ್ಲೇ ಶೇ. 30 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. 80 ವರ್ಷದವರಲ್ಲಿ ಶೇ. 84. ಅಂದರೆ ಫಿಲ್ಮಿನಲ್ಲಿ ಡಿಸ್ಕ್ ಉಬ್ಬಿದ್ದು ಕಂಡಿತು ಅಂತ ನೋವಿಗೆ ಅದೇ ಕಾರಣ ಆಗಬೇಕಾಗಿಲ್ಲ. ಹೆಚ್ಚಿನವರ ಸೊಂಟನೋವಿಗೆ ಇಂಥದ್ದೇ ಅಂತ ಬೆರಳಿಟ್ಟು ತೋರಿಸುವ ಕಾರಣ ಸಿಗುವುದಿಲ್ಲ. ಸ್ನಾಯು, ಕೀಲು, ನಿದ್ದೆ, ಚಿಂತೆ, ಕೂರುವ ಅಭ್ಯಾಸ ಎಲ್ಲ ಸೇರಿಕೊಂಡಿರುತ್ತದೆ.

ಮಂಗಳೂರಿನ ಕೈರೋಪ್ರಾಕ್ಟಿಕ್ ಕ್ಲಿನಿಕ್ ಎಸಿ ಹಾಕಿದ ಚಂದದ ಜಾಗ. ಮೇಜಿನ ಮೇಲೆ ಪ್ಲಾಸ್ಟಿಕ್ ಬೆನ್ನುಮೂಳೆ. ಕೇಳಿದ್ದು ಎರಡೇ: ನೋವು ಎಲ್ಲಿ, ಎಕ್ಸ್‌ರೇ ಉಂಟಾ. ಆಮೇಲೆ ಬೋರಲು ಮಲಗಿಸಿ ಎರಡೂ ಹಿಮ್ಮಡಿ ಜೋಡಿಸಿ ನೋಡಿ, "ನಿಮ್ಮ ಎಡಗಾಲು ಸ್ವಲ್ಪ ಗಿಡ್ಡ, ಸೊಂಟದ ಮೂಳೆ ಓರೆಯಾಗಿದೆ" ಅಂದರು. ನಂತರ ಮಗ್ಗುಲಿಗೆ ತಿರುಗಿಸಿದರು. ಮೇಲಿನ ಮಂಡಿ ಮಡಚಿ, ಭುಜವನ್ನು ಹಿಂದಕ್ಕೆ, ಸೊಂಟವನ್ನು ಮುಂದಕ್ಕೆ ತಿರುಚಿ, "ಉಸಿರು ಬಿಡಿ" ಅಂದವರೇ ಮೈಭಾರ ಹಾಕಿ ಒಮ್ಮೆ ಒತ್ತಿದರು. ಲಟಲಟ ಅಂತು. ನೋವಾಗಲಿಲ್ಲ. ಎದ್ದು ನಿಂತರೆ ಬೆನ್ನು ಹಗುರ. ಸುಳ್ಳು ಯಾಕೆ ಹೇಳಲಿ, ಆ ಹಗುರ ನಿಜವೇ. ವಾಪಸ್ ಬರುವಾಗ ಎಕ್ಸ್‌ಪ್ರೆಸ್ ಬಸ್ಸಿನ ಹಿಂದಿನ ಸೀಟಿನಲ್ಲೂ ಹಾಯಾಗಿ ಕೂತಿದ್ದೆ. ಆ ವಾರ ಮುಗಿಯುವುದರೊಳಗೆ ನೋವು ತನ್ನ ಜಾಗಕ್ಕೆ ಬಂತು. ಪ್ರತಿ ಸಲವೂ ಹೀಗೇ.

ಆ ಸದ್ದು ಜಾರಿದ ಮೂಳೆ ಒಳಗೆ ಕೂತದ್ದಲ್ಲ. ಕೀಲಿನೊಳಗೆ ಜಿಡ್ಡಾದ ದ್ರವ ಇರುತ್ತದೆ. ಕೀಲು ತಟ್ಟನೆ ಅಗಲವಾದಾಗ ಅಲ್ಲಿ ಒತ್ತಡ ಇಳಿದು ಗಾಳಿಗುಳ್ಳೆ ಆಗುತ್ತದೆ, ಅದರದ್ದೇ ಸದ್ದು. ಬೆರಳಿನ ನೆಟಿಕೆ ಮುರಿದಾಗ ಕೇಳುವುದೂ ಇದೇ. ಹಾಗಾದರೆ ಮೂಳೆ ಓರೆಯಾಗಿದೆ, ಸರಿ ಮಾಡುತ್ತೇವೆ ಅನ್ನುವ ಮಾತು ಎಲ್ಲಿಂದ ಬಂತು? ಕೈರೋಪ್ರಾಕ್ಟಿಕ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ. ಡಿ. ಡಿ. ಪಾಮರ್ ಎಂಬವರು ಕಿವಿ ಕೇಳದ ಒಬ್ಬರ ಬೆನ್ನು ಒತ್ತಿ ಕಿವಿ ಕೇಳುವ ಹಾಗೆ ಮಾಡಿದೆ ಅಂತ ಹೇಳಿಕೊಂಡರು. ಬಹುತೇಕ ಕಾಯಿಲೆಗಳ ಬೇರು ಬೆನ್ನುಮೂಳೆ ಜರುಗಿದ್ದರಲ್ಲೇ ಇದೆ ಅನ್ನುವುದು ಅವರ ವಾದ. ಆ ವಾದಕ್ಕೆ ವೈಜ್ಞಾನಿಕ ಆಧಾರ ಸಿಕ್ಕಿಲ್ಲ. ಒಳ್ಳೆಯ ಕೈರೋಪ್ರಾಕ್ಟರುಗಳು ಈಗ ಅದನ್ನು ಹೇಳುವುದೂ ಇಲ್ಲ.

ಹಾಗಂತ ಇಡೀ ಪದ್ಧತಿಯನ್ನು ತಳ್ಳಿಹಾಕಲು ನಾನು ತಯಾರಿಲ್ಲ. ಸೊಂಟನೋವಿಗೆ ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟದ್ದರಲ್ಲಿ, ಎರಡರಲ್ಲೂ ಬೆನ್ನನ್ನು ಕೈಯಿಂದ ಒತ್ತಿ ಸರಿಸುವ ಚಿಕಿತ್ಸೆ ಉಂಟು. ಆದರೆ ಅದು ಪಟ್ಟಿಯಲ್ಲಿ ಒಂದು ಅಷ್ಟೇ. ವ್ಯಾಯಾಮ, ಮಸಾಜ್ ಇವಕ್ಕಿಂತ ಮೇಲು ಅಂತ ಯಾರೂ ಹೇಳಿಲ್ಲ. ನನಗೆ ಕಿರಿಕಿರಿ ಆದದ್ದು ಪ್ಯಾಕೇಜ್ ವಿಷಯದಲ್ಲಿ. ಮೊದಲ ದಿನವೇ, ನಾನಿನ್ನೂ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ, ಕೌಂಟರಿನವರು ಹತ್ತು ಸಲದ ಹಣ ಒಟ್ಟಿಗೆ ಕಟ್ಟಿದರೆ ಎಷ್ಟು ಕಡಿಮೆ ಅಂತ ಲೆಕ್ಕ ತೋರಿಸಿದರು. ಮನೆಯಲ್ಲಿ ಮಾಡುವಂಥದ್ದು ಏನಾದರೂ ಉಂಟಾ ಅಂದರೆ "ಮೊದಲು ಕರೆಕ್ಷನ್ ಆಗಲಿ" ಅಂದರು.

ಕುತ್ತಿಗೆಗೆ ಮಾತ್ರ ನಾನು ಒಪ್ಪಲಿಲ್ಲ. ರೀಲ್ಸ್‌ನಲ್ಲಿ ಅದಕ್ಕೇ ಜಾಸ್ತಿ ವ್ಯೂಸ್, ಗೊತ್ತು. ಕುತ್ತಿಗೆಯ ಮೂಳೆಗಳ ಒಳಗಿಂದಲೇ ಮಿದುಳಿಗೆ ರಕ್ತನಾಳ ಹೋಗುತ್ತದೆ. ತಟ್ಟನೆ ತಿರುಚುವಾಗ ಅಪರೂಪಕ್ಕೆ ಅದು ಒಳಗೇ ಸೀಳಿ ಸ್ಟ್ರೋಕ್ ಆದದ್ದುಂಟು. ಸಲೂನಿನಲ್ಲಿ ಕಟಿಂಗ್ ಮುಗಿದ ಮೇಲೆ ಫ್ರೀಯಾಗಿ ಕೊಡುವ ಲಟಕ್ಕಿಗೂ ನನ್ನದು ಇದೇ ಉತ್ತರ.

ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜೇ ಇರುವಾಗ ಉಡುಪಿಯವರಿಗೆ ಆಯುರ್ವೇದಕ್ಕೆ ಬರ ಇಲ್ಲ. ನಾನು ಹೋದದ್ದು ಮನೆ ಹತ್ತಿರದ ಸಣ್ಣ ಕ್ಲಿನಿಕ್ಕಿಗೆ. ಅಲ್ಲಿನ ಡಾಕ್ಟರಮ್ಮ ಕೇಳಿದಷ್ಟು ಪ್ರಶ್ನೆ ಮದುವೆಗೆ ಹೆಣ್ಣು ಕೊಡುವವರೂ ಕೇಳುವುದಿಲ್ಲ. ನಿದ್ದೆ ಹೇಗೆ, ಹಸಿವೆ ಹೇಗೆ, ಹೊಟ್ಟೆ ಸರಿ ಹೋಗ್ತದಾ, ನೋವು ಬೆಳಿಗ್ಗೆ ಜಾಸ್ತಿಯಾ ಸಂಜೆಯಾ. ಕಟಿ ಬಸ್ತಿಗೆ ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ದುಂಡಗೆ ಕಟ್ಟೆ ಕಟ್ಟುತ್ತಾರೆ. ಅದರೊಳಗೆ ಬೆಚ್ಚಗಿನ ತೈಲ. ಆರಿದ ಕೂಡಲೇ ಹತ್ತಿಯಲ್ಲಿ ಅದ್ದಿ ತೆಗೆದು, ಪುನಃ ಬಿಸಿ ಮಾಡಿ ಹೊಯ್ಯುತ್ತಾರೆ. ನಾನು ಸ್ವಲ್ಪ ಕೆಮ್ಮಿದರೂ ಕಟ್ಟೆ ಬಿರುಕು ಬಿಟ್ಟು ಎಣ್ಣೆ ಪಕ್ಕೆಗೆ ಇಳಿಯುತ್ತಿತ್ತು. "ಅಲ್ಲಾಡ್ಬೇಡಿ ಅಣ್ಣ" ಅನ್ನುತ್ತಾ ಅಲ್ಲಿನ ಅಕ್ಕ ಹೆಬ್ಬೆರಳಲ್ಲಿ ಹಿಟ್ಟು ಒತ್ತಿ ಮುಚ್ಚುತ್ತಿದ್ದರು. ಕೊನೆಗೆ ನೆಕ್ಕಿ (ಲಕ್ಕಿ) ಸೊಪ್ಪಿನ ಬಿಸಿ ಗಂಟಿನ ಶಾಖ.

ಸುಖ ಅಂದರೆ ಮೂರರಲ್ಲಿ ಇದೇ. ರಾತ್ರಿ ನಿದ್ದೆ ಬಂತು, ಬೆಳಿಗ್ಗಿನ ಬಿಗಿತ ಇಳಿಯಿತು. ಬಿಸಿ ಶಾಖದಿಂದ, ಹೊಸದಾಗಿ ಬಂದ ನೋವಾದರೂ, ಇಳಿಯುತ್ತದೆ ಅನ್ನುವುದನ್ನು ಆ 2017ರ ಮಾರ್ಗಸೂಚಿಯೂ ಒಪ್ಪುತ್ತದೆ. ತೊಂದರೆ ಏನೆಂದರೆ ಸಮಯ. ಅಂಗಡಿಗೆ ಅರ್ಧ ದಿನ ರಜೆ, ಶರ್ಟಿಗೆಲ್ಲ ತೈಲದ ವಾಸನೆ. ರಾತ್ರಿ ಮೊಸರು ಬಿಡಿ ಅಂದಿದ್ದರು, ಬಿಟ್ಟೆ. ಸೊಂಟಕ್ಕೆ ಅದರಿಂದ ಏನಾಯಿತೋ, ಅಮ್ಮನಿಗಂತೂ ಮೊಸರು ಉಳಿಯಿತು. ಮತ್ತೆ ಅದೇ ಕುರ್ಚಿಯಲ್ಲಿ ಕೂತ ಮೇಲೆ ನೋವು ನಿಧಾನಕ್ಕೆ ವಾಪಸ್ ಬಂತು.

ಫಿಸಿಯೋಥೆರಪಿಸ್ಟ್ ಒಬ್ಬಳು ಚಿಕ್ಕ ಹುಡುಗಿ. ಹಾಸಿಗೆ ತೋರಿಸಲೇ ಇಲ್ಲ. ಕುರ್ಚಿ ಎಳೆದು, "ಅಂಗಡಿಯಲ್ಲಿ ಕೂರುವ ಹಾಗೆ ಕೂತು ತೋರಿಸಿ ಅಂಕಲ್" ಅಂದಳು. ನನ್ನ ಬ್ಯಾಗು ನೆಲಕ್ಕಿಟ್ಟು ಎತ್ತಿಸಿದಳು. ಆಮೇಲೆ ಕೇಳಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಈ ನೋವಿನಿಂದ ನೀವು ಯಾವುದು ಬಿಟ್ಟಿದ್ದೀರಿ?" ಮಠದಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಲಿಕ್ಕಾಗುವುದಿಲ್ಲ ಅಂದೆ. ಅದನ್ನೇ ಬರೆದುಕೊಂಡಳು.

ಕೊಟ್ಟದ್ದು ಸಣ್ಣ ಸಣ್ಣ ವ್ಯಾಯಾಮ. ಅಂಗಾತ ಮಲಗಿ ಸೊಂಟ ಎತ್ತುವುದು, ಕೈ ಮಂಡಿ ಊರಿ ಎದುರುಬದುರಿನ ಕೈಕಾಲು ಚಾಚುವುದು, ನಡೆಯುವುದು. ಆಮೇಲೆ ನೀರು ತುಂಬಿದ ಬಕೆಟ್ ಎತ್ತುವುದು. ಶುರುವಿಗೆ ನೋವು ಜಾಸ್ತಿಯೇ ಆಯಿತು. ಫೋನ್ ಮಾಡಿದರೆ, "ಮರುದಿನಕ್ಕೆ ಇಳಿದ್ರೆ ತೊಂದರೆ ಇಲ್ಲ, ನಿಲ್ಲಿಸ್ಬೇಡಿ" ಅಂದಳು. ಮಹಾ ಬೋರು. ಲಟಕ್ಕೂ ಇಲ್ಲ, ತೈಲವೂ ಇಲ್ಲ. ಪರಿಣಾಮ ಕಾಣಲು ವಾರಗಟ್ಟಲೆ ಬೇಕು. ಆದರೆ ಉಳಿದದ್ದು ಇದೊಂದೇ. ಈಗ ಪಂಕ್ತಿಯಲ್ಲಿ ಪಾಯಸದವರೆಗೂ ಕೂರುತ್ತೇನೆ.

ಎಲ್ಲ ಫಿಸಿಯೋ ಹೀಗೇ ಅಂತ ತಿಳಿಯಬೇಡಿ. ಹಲವು ಕಡೆ ಕರೆಂಟ್ ಕೊಡುವುದು, ಅಲ್ಟ್ರಾಸೌಂಡ್ ಹಿಡಿಯುವುದು, ಸೊಂಟ ಎಳೆಯುವ ಟ್ರ್ಯಾಕ್ಷನ್, ಇಷ್ಟರಲ್ಲೇ ಮುಗಿಯುತ್ತದೆ. ಹಳೇ ಸೊಂಟನೋವಿಗೆ ಅಲ್ಟ್ರಾಸೌಂಡ್, ಟ್ರ್ಯಾಕ್ಷನ್, ಸೊಂಟದ ಬೆಲ್ಟ್ ಯಾವುದೂ ಬೇಡ ಅಂತ ಅದೇ 2023ರ ಮಾರ್ಗಸೂಚಿ ಹೇಳುತ್ತದೆ. ನನ್ನ ಬೆಲ್ಟ್ ಕಪಾಟಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ಕಾಲು ಅಥವಾ ಪಾದ ಸೋತರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ನಿಲ್ಲದೆ ಹೋದರೆ ಅಥವಾ ಬಾರದೆ ಹೋದರೆ, ಈ ಮೂರೂ ಚಿಕಿತ್ಸೆ ಬಿಟ್ಟು ಆಗಿಂದಾಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣ ಇಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆದದ್ದು, ಬಿದ್ದು ಪೆಟ್ಟಾದದ್ದು ಇದ್ದರೂ ಮೊದಲು ಡಾಕ್ಟರಿಗೇ ತೋರಿಸಿ. ಮೂಳೆ ಸವೆದ ಅಜ್ಜಿಯರನ್ನು ಲಟಕ್ ಮಾಡಿಸಲು ಕರೆದುಕೊಂಡು ಹೋಗಲೇಬೇಡಿ.

ಇದ್ಯಾವುದೂ ಇಲ್ಲದ ಮಾಮೂಲಿ ನೋವಾದರೆ ನಾನು ಹೇಳುವುದು ಫಿಸಿಯೋ. ವ್ಯಾಯಾಮ ಶುರು ಮಾಡಲೂ ಆಗದಷ್ಟು ಬಿಗಿ ಇದ್ದರೆ ಜೊತೆಗೆ ಎಣ್ಣೆ ಶಾಖ. ಕೈರೋಪ್ರಾಕ್ಟಿಕ್ ಬೇಕೇ ಬೇಕು ಅಂತಿದ್ದರೆ ಹೋಗುವ ಮೊದಲು ಫೋನ್ ಮಾಡಿ. ಎಲ್ಲಿ ಕಲಿತಿರಿ, ಎಷ್ಟು ವರ್ಷದ ಕೋರ್ಸು, ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಡುತ್ತೀರಾ, ಕುತ್ತಿಗೆ ಬಿಟ್ಟು ಮಾಡುತ್ತೀರಾ ಅಂತ ಕೇಳಿ. ಇದಕ್ಕೆ ಉತ್ತರ ಬರುವ ಮೊದಲೇ ಪ್ಯಾಕೇಜಿನ ರೇಟು ಬಂದರೆ ಫೋನ್ ಇಟ್ಟುಬಿಡಿ.